ಎರಡು ತುಂಡು ಪಿಜ್ಜಾ, ಒಂದು ಬಟ್ಟಲು ಕೋಸಂಬರಿ

ವಿಜಯದಶಮಿಯ ದಿನ ಮೈಸೂರಿನ ಬನ್ನಿಮಂಟಪದಲ್ಲಿ ಮನೆಯಿದ್ದವರಿಗೆ ಕರೆಯದಿದ್ದರೂ ನೆಂಟರು ಬರುತ್ತಾರೆ. ಅರಮನೆಯಿಂದ ಹೊರಟ ಜಂಬೂಸವಾರಿ ಸುಮಾರು 5 ಕಿ.ಮೀ. ನಡೆದು ಇಲ್ಲಿಗೆ ಬಂದು ಮುಗಿಯುತ್ತದೆ. ಕತ್ತಲಾದ ಮೇಲೆ ಮೈದಾನದಲ್ಲಿ ಪಂಜಿನ ಕವಾಯತು. ಪಾಸು ಸಿಗದ ನೆಂಟರಿಷ್ಟರಿಗೆಲ್ಲ ನಮ್ಮಕ್ಕನ ಮನೆಯ ತಾರಸಿಯೇ ಗ್ಯಾಲರಿ.

ಒಂದು ವರ್ಷ ಹೀಗೇ ಹದಿನಾಲ್ಕು ಜನ ಸೇರಿದ್ದೆವು. ಮಧ್ಯಾಹ್ನ ಅಷ್ಟೂ ಜನಕ್ಕೆ ಒಬ್ಬಟ್ಟು ಬೇಯಿಸಿ ಬಡಿಸಿದ್ದ ಅಕ್ಕ, ಸಂಜೆ ಒಲೆ ಹಚ್ಚುವುದಿಲ್ಲ ಎಂದು ಕಡ್ಡಿ ಮುರಿದಂತೆ ಹೇಳಿಬಿಟ್ಟಳು. ಎಂಬಿಬಿಎಸ್ ಓದುತ್ತಿದ್ದ ಅವಳ ಮಗಳು ಫೋನ್ ತೆಗೆದು ನಾಲ್ಕು ಪಿಜ್ಜಾ ತರಿಸಿದಳು. ರಸ್ತೆಗೆಲ್ಲ ಬ್ಯಾರಿಕೇಡ್ ಹಾಕಿದ್ದರಿಂದ ಡೆಲಿವರಿ ಹುಡುಗ ಹೈವೇ ಸರ್ಕಲ್ ಆಚೆ ಬೈಕ್ ನಿಲ್ಲಿಸಿ, ಜನಸಾಗರದ ನಡುವೆ ಪೆಟ್ಟಿಗೆಗಳನ್ನು ತಲೆಯ ಮೇಲೆ ಹೊತ್ತು ತಂದ. ತೆರೆದು ನೋಡಿದರೆ ಚೀಸೆಲ್ಲ ಒಂದು ಪಕ್ಕಕ್ಕೆ ಜಾರಿತ್ತು.

ಭಾವ ಒಂದು ತುಂಡಿಗೆ ಕೈ ಹಾಕಿದ್ದೇ ತಡ, ಅಕ್ಕ ತಡೆದಳು. "ರೀ, ಅದು ಮೈದಾ. ನಿಮಗೆ ಬೇಡ." ಭಾವನಿಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಮಗಳು ಸುಮ್ಮನಿರಲಿಲ್ಲ. "ಮಧ್ಯಾಹ್ನ ಅಪ್ಪ ಎರಡು ಒಬ್ಬಟ್ಟು ತಿಂದ್ರಲ್ಲಮ್ಮ, ಅದರ ಕಣಕ ಯಾವುದರದು?" ಅಕ್ಕ ಉತ್ತರ ಕೊಡಲಿಲ್ಲ. ಹುಡುಗಿ ನನ್ನ ಕಡೆ ತಿರುಗಿದಳು. "ಮಾವ, ನೀವು ವಿಜ್ಞಾನ ಬರೀತೀರಲ್ಲ, ನೀವೇ ಹೇಳಿ. ಇದು ಒಳ್ಳೇದೋ ಕೆಟ್ಟದ್ದೋ?" ಅಷ್ಟರಲ್ಲಿ ಬಾಣಬಿರುಸು ಶುರುವಾಗಿ ನಾನು ಬಚಾವಾದೆ. ಅವತ್ತು ಉಳಿಸಿಕೊಂಡ ಬಾಕಿ ಈ ಅಧ್ಯಾಯ.

ಕಣಕದಿಂದಲೇ ಶುರು ಮಾಡೋಣ, ಏಕೆಂದರೆ ಹುಡುಗಿ ಕೇಳಿದ ಪ್ರಶ್ನೆಯಲ್ಲಿ ಹುರುಳಿತ್ತು. ಒಬ್ಬಟ್ಟಿಗೆ ಮೈದಾವನ್ನೋ ಚಿರೋಟಿ ರವೆಯನ್ನೋ ಕಲಸಿ, ನಾದಿ, ಎಣ್ಣೆಯಲ್ಲಿ ಮುಳುಗಿಸಿ ಗಂಟೆಗಟ್ಟಲೆ ನೆನೆಯಲು ಬಿಡುತ್ತಾರೆ. ಆಮೇಲೆ ಅದನ್ನು ಎಳೆದರೆ ರಬ್ಬರಿನಂತೆ ಹಿಗ್ಗುತ್ತದೆ, ಹರಿಯುವುದಿಲ್ಲ. ಗೋಧಿಯಲ್ಲಿರುವ ಎರಡು ಬಗೆಯ ಪ್ರೋಟೀನುಗಳು ನೀರು ಕುಡಿದು ಒಂದಕ್ಕೊಂದು ಹೆಣೆದುಕೊಂಡು ಗ್ಲುಟೆನ್ ಎಂಬ ಬಲೆಯಾಗುವುದೇ ಇದಕ್ಕೆ ಕಾರಣ. ಪಿಜ್ಜಾದ ಹಿಟ್ಟಿನಲ್ಲಿ ನಡೆಯುವುದೂ ಇದೇ. ಅಲ್ಲಿ ಯೀಸ್ಟ್ ಕೂಡ ಇರುತ್ತದೆ. ಅದು ಹಿಟ್ಟಿನ ಸಕ್ಕರೆಯನ್ನು ತಿಂದು ಬಿಡುವ ಇಂಗಾಲದ ಡೈಆಕ್ಸೈಡ್ ಈ ಬಲೆಯಲ್ಲಿ ಸಿಕ್ಕಿಕೊಂಡು ಹಿಟ್ಟು ಉಬ್ಬುತ್ತದೆ. ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟು ಬೆಳಿಗ್ಗೆ ಪಾತ್ರೆಯಿಂದ ಉಕ್ಕುವುದನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಅಂದರೆ ಪಿಜ್ಜಾದ ತಳ ಮೈಸೂರಿನ ಅಡುಗೆಮನೆಗೆ ಪರಕೀಯವೇನಲ್ಲ, ಒಬ್ಬಟ್ಟಿನ ಕಣಕಕ್ಕೂ ದೋಸೆ ಹಿಟ್ಟಿಗೂ ನೆಂಟಸ್ತಿಕೆ ಮಾಡಿಸಿದಂತೆ ಅಷ್ಟೆ.

ಹಾಗಾದರೆ ಮೈದಾದ ಮೇಲೇಕೆ ಇಷ್ಟು ಸಿಟ್ಟು? ಸಿಟ್ಟಿಗೆ ಕಾರಣವಿದೆ, ಆದರೆ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ಕಾರಣ ಅದಲ್ಲ. ಮೈದಾ ಕರುಳಿಗೆ ಗೋಂದಿನಂತೆ ಅಂಟಿಕೊಳ್ಳುತ್ತದೆ ಎನ್ನುವುದು ಶುದ್ಧ ಕಟ್ಟುಕತೆ. ಹೊಟ್ಟೆಯ ಆಮ್ಲಕ್ಕೂ ಕಿಣ್ವಗಳಿಗೂ ಮೈದಾ ಕರಗಿಸುವುದು ಬಲು ಸುಲಭದ ಕೆಲಸ, ತಕರಾರಿರುವುದೇ ಅಲ್ಲಿ. ಬನ್ನಿಮಂಟಪದಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ, ಚೆಲುವಾಂಬ ವಿಲಾಸದಲ್ಲಿ, 1950ರಿಂದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ ಇದೆ. ನಮ್ಮೂರಿನವರ ಬಾಯಲ್ಲಿ ಸಿಎಫ್‌ಟಿಆರ್‌ಐ. ಹಿಟ್ಟಿನ ಗಿರಣಿ ನಡೆಸುವುದನ್ನು ಕಲಿಸುವ ಶಾಲೆಯೂ ಅದರ ಆವರಣದಲ್ಲಿದೆ. ಗಿರಣಿಯಲ್ಲಿ ಗೋಧಿಯ ಹೊಟ್ಟು ಮತ್ತು ಮೊಳಕೆಯ ಭಾಗ ಬೇರೆಯಾಗಿ, ಒಳಗಿನ ಬಿಳಿ ತಿರುಳಷ್ಟೇ ನುಣ್ಣಗಾಗಿ ಮೈದಾ ಎನಿಸಿಕೊಳ್ಳುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ಗೋಧಿ ಹಿಟ್ಟಿನಲ್ಲಿ ಸುಮಾರು 11 ಗ್ರಾಂ ನಾರಿನಂಶ, ಮೈದಾದಲ್ಲಿ 3 ಗ್ರಾಂ ಕೂಡ ಇಲ್ಲ. ಪ್ರೋಟೀನು ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ನಾರು ಹೋದ ಮೇಲೆ ಪಿಷ್ಟ ಬೇಗ ಗ್ಲುಕೋಸ್ ಆಗಿ ರಕ್ತ ಸೇರುತ್ತದೆ, ಹೊಟ್ಟೆ ಬೇಗ ಖಾಲಿಯಾಗುತ್ತದೆ, ಇನ್ನೊಂದು ತುಂಡಿಗೆ ಕೈ ಹೋಗುತ್ತದೆ.

ಆದರೆ ಇದೇ ಮಾತನ್ನು ಪಾಲಿಶ್ ಮಾಡಿದ ಬಿಳಿ ಅಕ್ಕಿಗೂ ಹೇಳಬೇಕಲ್ಲ! ಪಿಜ್ಜಾ ಎಂದರೆ ಮುಖ ಸಿಂಡರಿಸಿ, ಗುಡ್ಡದಂತೆ ಅನ್ನ ಬಡಿಸಿಕೊಂಡು ತಿಳಿಸಾರು ಸುರಿದುಕೊಳ್ಳುವವರನ್ನು ಕಂಡರೆ ನನಗೆ ನಗು ಬರುತ್ತದೆ. ಭಾರತೀಯರು ತಿನ್ನುವ ಒಟ್ಟು ಶಕ್ತಿಯಲ್ಲಿ ಬಹುಪಾಲು ಬರುವುದು ಧಾನ್ಯದ ಪಿಷ್ಟದಿಂದಲೇ. ಅದಕ್ಕೇ 2024ರ ರಾಷ್ಟ್ರೀಯ ಆಹಾರ ಮಾರ್ಗಸೂಚಿ ಧಾನ್ಯದ ಪಾಲು ಶೇ. 45 ದಾಟದಿರಲಿ, ತಟ್ಟೆಯ ಅರ್ಧ ಭಾಗ ತರಕಾರಿ-ಹಣ್ಣು ಇರಲಿ ಎನ್ನುತ್ತದೆ. ಈ ಅಳತೆಗೋಲು ಹಿಡಿದರೆ ಪಿಜ್ಜಾ ಫೇಲು, ನಮ್ಮ ಮದುವೆ ಊಟವೂ ಫೇಲು.

ತಳದ ಮೇಲಿನ ಟೊಮೆಟೊ ಸಾಸ್ ಬಗ್ಗೆ ಹೇಳುವುದು ಕಡಿಮೆ, ಹೇಳುವುದೆಲ್ಲ ಒಳ್ಳೆಯದೇ. ಟೊಮೆಟೊಗೆ ಕೆಂಪು ಬಣ್ಣ ಕೊಡುವ ಲೈಕೋಪೀನ್ ಹಸಿ ಹಣ್ಣಿಗಿಂತ ಬೇಯಿಸಿದ್ದರಲ್ಲಿ ಮೈಗೆ ಹೆಚ್ಚು ದಕ್ಕುತ್ತದೆ. ಬೆಂದಾಗ ಜೀವಕೋಶಗಳ ಗೋಡೆ ಒಡೆಯುತ್ತದೆ, ಜೊತೆಗೆ ಎಣ್ಣೆಯಿದ್ದರೆ ಕರುಳು ಅದನ್ನು ಸುಲಭವಾಗಿ ಹೀರುತ್ತದೆ. ಒಗ್ಗರಣೆ ಹಾಕಿದ ಟೊಮೆಟೊ ಗೊಜ್ಜಿಗೂ ಇದೇ ಗುಣ ಉಂಟು. ಪಿಜ್ಜಾದ ಮೇಲೆ ಬೀಳುವ ಸಾಸ್ ಎರಡು ಮೂರು ಚಮಚ ಮಾತ್ರ ಎನ್ನುವುದೊಂದೇ ಕೊರತೆ.

ಚೀಸಿನದು ಬೇರೆ ಕತೆ. ಹಾಲಿನ ಕೇಸೀನ್ ಎಂಬ ಪ್ರೋಟೀನು ಕ್ಯಾಲ್ಸಿಯಂ ಹಿಡಿತದಲ್ಲಿ ಗುಂಪುಗಟ್ಟಿರುತ್ತದೆ. ಹಾಲು ಒಡೆಸಿ ಬಂದ ಗಟ್ಟಿಯನ್ನು ಹದವಾಗಿ ಹುಳಿ ಬರಿಸಿ, ಬಿಸಿನೀರಿನಲ್ಲಿ ಎಳೆದೆಳೆದು ನಾದಿದರೆ ಆ ಪ್ರೋಟೀನು ಎಳೆಎಳೆಯಾಗಿ ಒಂದೇ ದಿಕ್ಕಿಗೆ ಸಾಲುಗಟ್ಟುತ್ತದೆ. ಮೊಜರೆಲ್ಲಾ ಎಂದರೆ ಇದು. ತುಂಡು ಎತ್ತಿದಾಗ ದಾರದಂತೆ ಜೋತುಬೀಳುವುದು ಆ ಎಳೆಗಳೇ. ನೂರು ಗ್ರಾಮಿಗೆ ಸುಮಾರು 22 ಗ್ರಾಂ ಪ್ರೋಟೀನು, 500 ಮಿ.ಗ್ರಾಂ. ಕ್ಯಾಲ್ಸಿಯಂ. ಸಸ್ಯಾಹಾರಿಗಳಿಗೆ ಸುಲಭವಾಗಿ ಸಿಗದ ವಿಟಮಿನ್ ಬಿ12 ಕೂಡ ಇದೆ. ಆದರೆ 22 ಗ್ರಾಂ ಕೊಬ್ಬೂ ಇದೆ, ಅದರಲ್ಲಿ ಬಹುಪಾಲು ಬೆಣ್ಣೆ-ತುಪ್ಪದಂಥ ಸ್ಯಾಚುರೇಟೆಡ್ ಕೊಬ್ಬು. ಅಗ್ಗದ ಅಂಗಡಿಗಳಲ್ಲಿ ಹಾಲಿನ ಕೊಬ್ಬಿನ ಬದಲು ಪಾಮ್ ಎಣ್ಣೆ ಸೇರಿಸಿದ ನಕಲಿ ಚೀಸ್ ಬಳಸುವುದೂ ಉಂಟು. ಅಂಥದ್ದಕ್ಕೆ ನಾನು ದುಡ್ಡು ಕೊಡುವುದಿಲ್ಲ.

ಕೊಬ್ಬು, ಮೈದಾ ಎಂದೆಲ್ಲ ಜಗಳಾಡುವವರು ನಿಜವಾದ ಆರೋಪಿಯನ್ನು ಬಿಟ್ಟುಬಿಡುತ್ತಾರೆ. ಅದು ಉಪ್ಪು. ತಳದಲ್ಲಿ ಉಪ್ಪು, ಸಾಸಿನಲ್ಲಿ ಉಪ್ಪು, ಚೀಸಿನಲ್ಲಿ ಉಪ್ಪು, ಆಲಿವ್‌ನಲ್ಲಿ ಉಪ್ಪು, ಕೊನೆಗೆ ಪೆಟ್ಟಿಗೆಯೊಳಗೆ ಪುಕ್ಕಟೆಯಾಗಿ ಬರುವ ಪುಟ್ಟ ಪೊಟ್ಟಣದಲ್ಲೂ ಉಪ್ಪು. ಸಾಧಾರಣ ಚೀಸ್ ಪಿಜ್ಜಾದ 100 ಗ್ರಾಮಿನಲ್ಲಿ ಸುಮಾರು 266 ಕಿಲೋಕ್ಯಾಲರಿ, ಸುಮಾರು 600 ಮಿ.ಗ್ರಾಂ. ಸೋಡಿಯಂ. ಮಧ್ಯಮ ಗಾತ್ರದ ಪಿಜ್ಜಾದ ದಪ್ಪ ತುಂಡೊಂದು ಹತ್ತಿರ ಹತ್ತಿರ ನೂರು ಗ್ರಾಂ ತೂಗುತ್ತದೆ. ಮೂರು ತುಂಡು ತಿಂದರೆ 1,800 ಮಿ.ಗ್ರಾಂ. ಸೋಡಿಯಂ. ಉಪ್ಪಿನ ಲೆಕ್ಕಕ್ಕೆ ತರಲು ಎರಡೂವರೆಯಿಂದ ಗುಣಿಸಿ: ನಾಲ್ಕೂವರೆ ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ ಹೇಳುವ ಮಿತಿ 5 ಗ್ರಾಂ. ಬೆಳಗಿನ ಉಪ್ಪಿಟ್ಟು, ಮಧ್ಯಾಹ್ನದ ಹುಳಿ, ಉಪ್ಪಿನಕಾಯಿ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಶಕ್ತಿಯ ಲೆಕ್ಕವನ್ನೂ ಹಾಕಿ: ಆ ಮೂರು ತುಂಡುಗಳಿಂದ 800 ಕಿಲೋಕ್ಯಾಲರಿ. ಕುಳಿತು ಕೆಲಸ ಮಾಡುವ ಹೆಣ್ಣುಮಗಳಿಗೆ ಇಡೀ ದಿನಕ್ಕೆ ಬೇಕಾದದ್ದು 1,660. ಕಾಂಬೊ ಎಂದು ಜೊತೆಗೆ ಕಟ್ಟುವ 300 ಮಿ.ಲೀ. ಕೋಲಾದಲ್ಲಿ ಆರು ಚಮಚಕ್ಕೂ ಮೇಲೆ ಸಕ್ಕರೆ. ನನ್ನ ಮಟ್ಟಿಗೆ ಆ ಪೆಟ್ಟಿಗೆಯ ಜೊತೆ ಬರುವ ವಸ್ತುಗಳಲ್ಲಿ ತಕ್ಷಣ ವಾಪಸು ಕಳಿಸಬೇಕಾದದ್ದು ಆ ಬಾಟಲಿ.

ಇಷ್ಟೆಲ್ಲ ಹೇಳಿದ ಮೇಲೆ ಇದಕ್ಕೆ ತದ್ವಿರುದ್ಧವಾದ ಒಂದು ಅಧ್ಯಯನವನ್ನೂ ಹೇಳದಿದ್ದರೆ ಅನ್ಯಾಯ. ಇಟಲಿಯ ಮಿಲಾನಿನ ಸಿಲ್ವಾನೊ ಗಾಲೂಸ್ ಮತ್ತು ಸಂಗಡಿಗರು ಅಲ್ಲಿನ ಆಸ್ಪತ್ರೆಗಳಲ್ಲಿ ಸಾವಿರಾರು ರೋಗಿಗಳ ಊಟದ ಅಭ್ಯಾಸ ಕೇಳಿ ತಿಳಿದು, 2003ರಲ್ಲಿ ಒಂದು ವರದಿ ಪ್ರಕಟಿಸಿದರು. ನಿಯಮಿತವಾಗಿ ಪಿಜ್ಜಾ ತಿನ್ನುವವರಲ್ಲಿ ಜೀರ್ಣಾಂಗದ ಕೆಲವು ಕ್ಯಾನ್ಸರುಗಳು ಕಡಿಮೆ ಕಂಡಿದ್ದವು. 2019ರಲ್ಲಿ ಗಾಲೂಸ್ ಅವರಿಗೆ ಇಗ್ ನೊಬೆಲ್ ಸಿಕ್ಕಿತು. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆ ಕೊಡುವ ಬಹುಮಾನ ಅದು. ಪಿಜ್ಜಾ ಕಾಯಿಲೆ ಮತ್ತು ಸಾವಿನಿಂದ ಕಾಪಾಡಬಹುದು, ಆದರೆ ಅದನ್ನು ಇಟಲಿಯಲ್ಲೇ ಮಾಡಿ ಇಟಲಿಯಲ್ಲೇ ತಿಂದಿರಬೇಕು ಎಂಬರ್ಥದ ಷರತ್ತಿನೊಂದಿಗೇ ಬಹುಮಾನ ಘೋಷಿಸಿದ್ದರು! ನಕ್ಕು ಮುಗಿದ ಮೇಲೆ ಯೋಚಿಸಿದರೆ ಆ ಷರತ್ತೇ ಇಡೀ ವಿಜ್ಞಾನ. ಇಟಲಿಯಲ್ಲಿ ಪಿಜ್ಜಾ ತಿನ್ನುವವರು ಆಲಿವ್ ಎಣ್ಣೆ, ತರಕಾರಿ, ಕಾಳು, ಮೀನನ್ನೂ ತಿನ್ನುತ್ತಾರೆ. ಅವರನ್ನು ಕಾಪಾಡಿದ್ದು ಪಿಜ್ಜಾವೋ ಅದರ ಅಕ್ಕಪಕ್ಕದ ಊಟವೋ ಹೇಳಲಾಗದು. ಪಿಜ್ಜಾ ಅಲ್ಲಿ ಒಂದು ಬದುಕಿನ ಗುರುತು, ಔಷಧಿಯೆಂದು ತಿಳಿಯಬೇಕಾಗಿಲ್ಲ.

ಬನ್ನಿಮಂಟಪಕ್ಕೆ ಬರುವ ಪಿಜ್ಜಾ ಆ ಪಿಜ್ಜಾ ಅಲ್ಲವೇ ಅಲ್ಲ. ನೇಪಲ್ಸಿನ ಬಡವರ ತಿಂಡಿ ವಲಸಿಗರ ಜೊತೆ ಅಮೆರಿಕಕ್ಕೆ ಹೋಗಿ, ಅಲ್ಲಿ ಮೈಕೈ ತುಂಬಿಕೊಂಡು, ದೊಡ್ಡ ಹೆಸರು ಮಾಡಿ ತವರಿಗೆ ಮರಳಿತು. ವಿಯೆನ್ನಾದಲ್ಲಿ ಹುಟ್ಟಿ ಸನ್ಯಾಸ ತೊಟ್ಟ ಮಾನವಶಾಸ್ತ್ರಜ್ಞ ಅಗೇಹಾನಂದ ಭಾರತಿ 1970ರಲ್ಲಿ ಇದಕ್ಕೆ 'ಪಿಜ್ಜಾ ಪರಿಣಾಮ' ಎಂದೇ ಹೆಸರಿಟ್ಟರು: ನಮ್ಮದೇ ವಸ್ತು ಹೊರಗೆ ಮಾನ್ಯವಾಗಿ ಬಂದ ಮೇಲೆ ನಮಗೆ ಅದರ ಬೆಲೆ ಗೊತ್ತಾಗುವುದು. ಯೋಗಕ್ಕೂ ಈಗೀಗ ರಾಗಿಗೂ ಆಗಿರುವುದು ಅದೇ. ನಮಗೆ ಸಿಕ್ಕಿದ್ದು ಆ ಅಮೆರಿಕದ ದಪ್ಪ ತಳದ ಆವೃತ್ತಿ. 1996ರಲ್ಲಿ ಪಿಜ್ಜಾ ಹಟ್ ಭಾರತದ ತನ್ನ ಮೊದಲ ಅಂಗಡಿ ತೆರೆದದ್ದು ಬೆಂಗಳೂರಿನಲ್ಲಿ. ಅದೇ ವರ್ಷದ ಜನವರಿಯಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘದ ಕಾರ್ಯಕರ್ತರು ಬೆಂಗಳೂರಿನ ಕೆಎಫ್‌ಸಿ ಅಂಗಡಿಗೆ ನುಗ್ಗಿದ್ದರು. ಕೋಳಿಗೆ ಅಷ್ಟು ವಿರೋಧ ಬಂತು, ಪಿಜ್ಜಾ ಸದ್ದಿಲ್ಲದೆ ಒಳಗೆ ಬಂದು ಕೂತಿತು. ಸಸ್ಯಾಹಾರಿ ವೇಷದಲ್ಲಿ ಬಂದದ್ದೂ ಅದಕ್ಕೆ ಅನುಕೂಲವಾಯಿತು ಎಂದು ನನ್ನ ಗುಮಾನಿ.

ತಿನ್ನುವ ಮೈ ಯಾವುದು ಎಂಬುದು ಇದಕ್ಕಿಂತ ದೊಡ್ಡ ಪ್ರಶ್ನೆ. ಇದಕ್ಕೆ ಉತ್ತರ ಹುಡುಕಲು ಇಟಲಿಗೆ ಹೋಗಬೇಕಿಲ್ಲ, ಬನ್ನಿಮಂಟಪದ ಪಕ್ಕದ ಮಂಡಿಮೊಹಲ್ಲಾಕ್ಕೆ ನಡೆದುಹೋದರೆ ಸಾಕು. ಅಲ್ಲಿರುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಹಳಬರು ಮಿಷನ್ ಆಸ್ಪತ್ರೆ ಎನ್ನುತ್ತಾರೆ. 1934ರಿಂದಲೇ ಅಲ್ಲಿ ಹುಟ್ಟಿದ ಪ್ರತಿ ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟಿದ್ದರು. ಯಾರಿಗೆ ಬೇಕಾದೀತು ಎಂದು ಆಗ ಯಾರೂ ಯೋಚಿಸಿರಲಾರರು. ಅರ್ಧ ಶತಮಾನ ಕಳೆದ ಮೇಲೆ ಇಂಗ್ಲೆಂಡಿನ ಸೌತಾಂಪ್ಟನ್ನಿನ ಡೇವಿಡ್ ಬಾರ್ಕರ್, ಕ್ಯಾರೊಲಿನ್ ಫಾಲ್ ಮುಂತಾದವರಿಗೆ ಆ ದಾಖಲೆ ಪುಸ್ತಕಗಳು ನಿಧಿಯಂತೆ ಕಂಡವು. ಅವುಗಳಲ್ಲಿ ಹೆಸರಿದ್ದ, ಇನ್ನೂ ಮೈಸೂರಿನ ಸುತ್ತಮುತ್ತಲೇ ಇದ್ದ 517 ಜನರನ್ನು ಹುಡುಕಿ ಪರೀಕ್ಷಿಸಿದರು. ಹುಟ್ಟಿದಾಗ ಕಡಿಮೆ ತೂಕವಿದ್ದವರಲ್ಲಿ ಹೃದಯದ ಕಾಯಿಲೆ ಹೆಚ್ಚು ಎಂದು 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿಯಾಯಿತು. ಪಿಜ್ಜಾ ಬೆಂಗಳೂರಿಗೆ ಬಂದ ವರ್ಷವೇ.

ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ಪಾರ್ಥಿನಾನ್ ಅಧ್ಯಯನ ಶುರುವಾಯಿತು. ಜಿ.ವಿ. ಕೃಷ್ಣವೇಣಿ ಮತ್ತು ತಂಡ 830 ಗರ್ಭಿಣಿಯರಿಂದ ಆರಂಭಿಸಿ, ಅವರ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದರು. ಮೈಸೂರಿನ ಹಸುಗೂಸುಗಳು ಇಂಗ್ಲೆಂಡಿನ ಕೂಸುಗಳಿಗಿಂತ ಚಿಕ್ಕವು, ಸ್ನಾಯು ಕಡಿಮೆ. ಆದರೆ ಬೆನ್ನ ಮೇಲಿನ ಚರ್ಮದಡಿಯ ಕೊಬ್ಬು ಮಾತ್ರ ಅಷ್ಟೇನೂ ಕಡಿಮೆಯಿಲ್ಲ! ನೋಡಲು ಸಣಕಲು, ಒಳಗೆ ಕೊಬ್ಬು. ತಾಯಂದಿರಲ್ಲಿ ಶೇ. 43 ಮಂದಿಗೆ ಬಿ12 ಕೊರತೆಯಿತ್ತು. ಬಡತನ, ಬರಗಾಲ ಕಂಡ ತಲೆಮಾರುಗಳ ಹೊಟ್ಟೆಯಲ್ಲಿ ಬೆಳೆದ ಮೈ ಇದ್ದುದರಲ್ಲೇ ಉಳಿಸಿಕೊಳ್ಳುವುದನ್ನು ಕಲಿತಿರುತ್ತದೆ. ಗ್ಲುಕೋಸನ್ನು ಖರ್ಚು ಮಾಡುವ ಮುಖ್ಯ ಜಾಗ ಸ್ನಾಯು. ಅದೇ ಕಡಿಮೆಯಿದ್ದಾಗ ದಿಢೀರನೆ ಬಂದು ಬಿದ್ದ 100 ಗ್ರಾಂ ಪಿಷ್ಟ ಹೋಗುವುದೆಲ್ಲಿಗೆ? ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆ ಹೇಳಿತು. ಇದನ್ನೆಲ್ಲ ಪಿಜ್ಜಾದ ತಲೆಗೆ ಕಟ್ಟಲಾಗದು. ಅವರಲ್ಲಿ ಎಷ್ಟೋ ಜನ ಅದನ್ನು ಕಣ್ಣಿಂದ ಕಂಡವರೂ ಅಲ್ಲ. ಆದರೆ ನೇಪಲ್ಸಿನ ಬೆಸ್ತನಿಗೆ ದಕ್ಕುವಷ್ಟು ಪಿಜ್ಜಾ ಮಂಡಿಮೊಹಲ್ಲಾದಲ್ಲಿ ಹುಟ್ಟಿದ ನಮ್ಮ ಭಾವನಿಗೆ ದಕ್ಕುವುದಿಲ್ಲ.

ಭಾವನ ವಿಷಯ ಬಂತಲ್ಲ. ಅವತ್ತು ಅಕ್ಕ ಕೆಳಗಿಳಿದು ಹೋದಾಗ ಅವರು ಮೂರು ತುಂಡು ಮುಗಿಸಿದ್ದರು. ಎರಡು ಗಂಟೆ ಬಿಟ್ಟು ಬೆರಳು ಚುಚ್ಚಿ ನೋಡಿಕೊಂಡರೆ 158. "ನೋಡಿದೆಯಾ, ಒಬ್ಬಟ್ಟಿಗಿಂತ ಇದೇ ವಾಸಿ" ಎಂದು ನನಗೆ ಸನ್ನೆ ಮಾಡಿ ಮಲಗಿದರು. ಬೆಳಿಗ್ಗೆ ಬರಿಹೊಟ್ಟೆಯಲ್ಲಿ 212! ಮೀಟರ್ ಕೆಟ್ಟಿದೆ ಎಂದು ಅವರು ಹೊಸ ಬ್ಯಾಟರಿ ತಂದು ಹಾಕಿದರು. ಮೀಟರ್ ಸರಿಯಾಗಿಯೇ ಇತ್ತು. ವೈದ್ಯರ ನಡುವೆಯೂ ಒಂದು 'ಪಿಜ್ಜಾ ಪರಿಣಾಮ' ಇದೆ, ಭಾರತಿಯವರದಲ್ಲ. ಚೀಸಿನ ಕೊಬ್ಬು ಜಠರದ ಬಾಗಿಲನ್ನು ಸ್ವಲ್ಪ ಸ್ವಲ್ಪವೇ ತೆರೆಯುವಂತೆ ಮಾಡುತ್ತದೆ. ಪಿಷ್ಟ ಕರುಳಿಗೆ ತಡವಾಗಿ ಇಳಿಯುತ್ತದೆ. ಜೊತೆಗೆ ರಕ್ತ ಸೇರಿದ ಕೊಬ್ಬು ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡ ಬರುತ್ತದೆ. ಇನ್ಸುಲಿನ್ ಚುಚ್ಚಿಕೊಳ್ಳುವ ರೋಗಿಗಳ ಮೇಲೆ ಅಮೆರಿಕದಲ್ಲಿ ನಡೆದು 1993ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಪಿಜ್ಜಾ ತಿಂದ ನಾಲ್ಕರಿಂದ ಒಂಬತ್ತು ಗಂಟೆಗಳವರೆಗೆ ಸಕ್ಕರೆ ಏರಿಯೇ ಇತ್ತು. ಎರಡು ಗಂಟೆಯ ಪರೀಕ್ಷೆಗೆ ಇದು ಸಿಕ್ಕುವುದೇ ಇಲ್ಲ. ಸಕ್ಕರೆ ಕಾಯಿಲೆಯವರು ಪಿಜ್ಜಾವನ್ನು ಮಧ್ಯಾಹ್ನ ತಿನ್ನುವುದು ಲೇಸು ಎಂದು ನಾನು ಹೇಳುವುದು ಇದಕ್ಕೇ. ರಾತ್ರಿ ಹತ್ತಕ್ಕೆ ತಿಂದು ಮಲಗಿದರೆ ಆ ಒಂಬತ್ತು ಗಂಟೆ ನಿದ್ದೆಯಲ್ಲೇ ಕಳೆಯುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರು ತಮ್ಮ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ರಾಗಿ ಪಿಜ್ಜಾ ತಿಂದರೆ ಇದೆಲ್ಲ ಪರಿಹಾರವಾಯಿತಲ್ಲ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ರಾಗಿ ನೂರು ಗ್ರಾಮಿಗೆ 364 ಮಿ.ಗ್ರಾಂ. ಕ್ಯಾಲ್ಸಿಯಂ, 11 ಗ್ರಾಂ ನಾರು ಇರುವ ಬಂಗಾರದಂಥ ಧಾನ್ಯ. ಆದರೆ ರಾಗಿಯಲ್ಲಿ ಗ್ಲುಟೆನ್ ಇಲ್ಲ. ಆ ಬಲೆ ಇಲ್ಲದಿದ್ದರೆ ನಾದಿದ ಹಿಟ್ಟು ಪಿಜ್ಜಾದ ತಳದಂತೆ ಉಬ್ಬುವುದಿಲ್ಲ, ಹಿಗ್ಗುವುದಿಲ್ಲ. ಹಾಗಾಗಿ ಮಾರುವವರು ಮೈದಾಕ್ಕೆ ಬಣ್ಣ ಬರುವಷ್ಟು ರಾಗಿ ಬೆರೆಸಿ, ಪೊಟ್ಟಣದ ಮೇಲೆ ದೊಡ್ಡಕ್ಷರದಲ್ಲಿ ರಾಗಿ ಎಂದು ಬರೆಯುವುದುಂಟು. ಹಿಂಬದಿಯ ಸಣ್ಣಕ್ಷರ ಓದಿ. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲೇ ಬರೆಯಬೇಕೆಂದು ನಮ್ಮ ಆಹಾರ ಸುರಕ್ಷತೆಯ ಕಾನೂನು ಹೇಳುತ್ತದೆ. ಮೊದಲು ಸಂಸ್ಕರಿಸಿದ ಗೋಧಿ ಹಿಟ್ಟು ಎಂದಿದ್ದರೆ ಅದು ಮೈದಾ ಪಿಜ್ಜಾವೇ. ರಾಗಿ ಬೇಕೆನಿಸಿದರೆ ಮುದ್ದೆ ಮಾಡಿ ಬಸ್ಸಾರಿನ ಜೊತೆ ಉಣ್ಣಿ.

ಹೆದರಬೇಕಿಲ್ಲದ ಒಂದೆರಡು ಸಂಗತಿಗಳೂ ಇವೆ. ಬ್ರೆಡ್ಡು, ಪಿಜ್ಜಾ ತಳಗಳಲ್ಲಿ ಬಳಕೆಯಲ್ಲಿದ್ದ ಪೊಟ್ಯಾಸಿಯಂ ಬ್ರೋಮೇಟನ್ನು 2016ರಲ್ಲೇ ದೇಶದಲ್ಲಿ ನಿಷೇಧಿಸಲಾಯಿತು. ವನಸ್ಪತಿ ಮುಂತಾದ ಜಿಡ್ಡುಗಳಲ್ಲಿ ಟ್ರಾನ್ಸ್ ಕೊಬ್ಬು 2022ರ ಜನವರಿಯಿಂದ ಶೇ. 2 ಮೀರುವಂತಿಲ್ಲ.

ಹುಡುಗಿಯ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ತಿನ್ನಬಹುದು ಕಣೇ. ತೆಳು ತಳದ್ದು ತರಿಸು, ಚೀಸ್ ತುಂಬಿದ ಅಂಚು ಬೇಡ. ಮೇಲೆ ಕೇಳಿದಷ್ಟು ತರಕಾರಿ ಹಾಕಿಕೊಡುತ್ತಾರೆ. ಈರನಗೆರೆ ಬದನೆಗೆ ಹೆಸರಾದ ಊರಿನಲ್ಲಿ ಪಿಜ್ಜಾದ ಮೇಲೆ ಬದನೆಕಾಯಿ ಕಾಣದಿರುವುದು ನನಗಂತೂ ಆಶ್ಚರ್ಯ. ಹದಿನೈದು ದಿನಕ್ಕೊಮ್ಮೆ, ಎರಡು ತುಂಡು. ಅದಕ್ಕೆ ಮೊದಲು ಒಂದು ಬಟ್ಟಲು ಹೆಸರುಬೇಳೆ ಕೋಸಂಬರಿ, ಸೌತೆಕಾಯಿ ಜಾಸ್ತಿ, ಉಪ್ಪು ಕಡಿಮೆ. ಹೊಟ್ಟೆಯಲ್ಲಿ ನಾರು, ಬೇಳೆ ಮೊದಲೇ ಕೂತಿದ್ದರೆ ಮೂರನೆಯ ತುಂಡಿಗೆ ಜಾಗ ತಾನಾಗಿಯೇ ಕಡಿಮೆಯಾಗುತ್ತದೆ. ಅವತ್ತಿನ ಮಿಕ್ಕ ಊಟದಲ್ಲಿ ಉಪ್ಪಿನಕಾಯಿ, ಹಪ್ಪಳ ಮುಟ್ಟಬೇಡ. ಕೋಲಾ ಬೇಡ, ಮಜ್ಜಿಗೆ ಕುಡಿ. ತಿಂದ ಮೇಲೆ ಮೈದಾನದ ಸುತ್ತ ಒಂದು ಸುತ್ತು ನಡೆ. ನಡೆಯುವ ಕಾಲಿನ ಸ್ನಾಯು ಇನ್ಸುಲಿನ್ನಿಗೆ ಹೆಚ್ಚು ಕಾಯದೆ ಗ್ಲುಕೋಸ್ ಎಳೆದುಕೊಳ್ಳುತ್ತದೆ. ನಿಮ್ಮಪ್ಪನಿಗೆ ಒಂದು ತುಂಡು ಕೊಡು, ಅದೂ ಮಧ್ಯಾಹ್ನ, ಅಮ್ಮನ ಎದುರಿಗೇ. ಒಬ್ಬಟ್ಟು ಮಾಡಿದ ದಿನ ಮಾತ್ರ ಬೇಡ.

ಉಳಿದ ತುಂಡುಗಳನ್ನು ಫ್ರಿಜ್ಜಿನಲ್ಲಿಡಿ. ಮಾರನೆಯ ದಿನ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ, ಮುಚ್ಚಳ ಮುಚ್ಚಿ ಐದು ನಿಮಿಷ ಬಿಸಿ ಮಾಡಿದರೆ ತಳ ಗರಿಗರಿಯಾಗಿಯೇ ಬರುತ್ತದೆ.